ಮನೆ ಗ್ಯಾರೇಜ್‌ನಲ್ಲಿ ನೈಟ್ರಾಕ್ಸ್: ಡೈವಿಂಗ್ ಟ್ಯಾಂಕ್‌ಗೆ ಆಕ್ಸಿಜನ್ ಬೆರೆಸುವ ಸಮಗ್ರ ಮಾರ್ಗದರ್ಶಿ

ಉತ್ತರ ಫ್ಲೋರಿಡಾದ ನಮ್ಮ ಮನೆಯಿಂದ ಜಿನ್ನಿ ಸ್ಪ್ರಿಂಗ್ಸ್‌ಗೆ ಕಾರಿನಲ್ಲಿ ಮುಕ್ಕಾಲು ಗಂಟೆ. ಸಾಂಟಾ ಫೇ ನದಿಯ ದಡದಲ್ಲಿ, ನೆಲದೊಳಗಿಂದ ತಿಳಿನೀರು ಉಕ್ಕುವ ಜಾಗ ಅದು. ಅಲ್ಲಿನ ನೀರು ತುಂಬಿದ ಗುಹೆಗಳಿಗೆ ಇಳಿಯುವವರು ಬಹಳ ಹೊತ್ತು 30 ಮೀಟರ್ ಆಸುಪಾಸಿನಲ್ಲೇ ಇರುತ್ತಾರೆ. ಅಷ್ಟು ಆಳಕ್ಕೆ ಬರೀ ಗಾಳಿ ಒಯ್ಯುವವರು ಕಡಿಮೆ. ಶೇ. 32ರಷ್ಟು ಆಕ್ಸಿಜನ್ ಇರುವ ನೈಟ್ರಾಕ್ಸ್, ಅಂದರೆ ಆಕ್ಸಿಜನ್ ಹೆಚ್ಚಿಸಿದ ಗಾಳಿ, ಒಯ್ಯುತ್ತಾರೆ. ನಾನು ಮತ್ತು ನನ್ನ ಡೈವ್ ಜೊತೆಗಾರ ವಾರಕ್ಕೆ ನಾಲ್ಕು ಟ್ಯಾಂಕ್ ಖಾಲಿ ಮಾಡುತ್ತೇವೆ. ಆರು ವರ್ಷದಿಂದ ನಮ್ಮ ಗ್ಯಾಸನ್ನು ನಾವೇ ಬೆರೆಸಿಕೊಳ್ಳುತ್ತಿದ್ದೇವೆ.

ಇದರಲ್ಲಿ ಲೆಕ್ಕ ಸುಲಭ. ಹೈಸ್ಕೂಲಿನ ಬೀಜಗಣಿತ ನೆನಪಿದ್ದರೆ ಸಾಕು. ಕಷ್ಟ ಇರುವುದು ಎರಡು ಕಡೆ. ಆಕ್ಸಿಜನ್ ಮುಟ್ಟುವ ಜಾಗದಲ್ಲಿ ಎಣ್ಣೆಯ ಪಸೆ ಇರಬಾರದು. ವಾಲ್ವ್ ತಿರುಗಿಸುವ ಕೈಗೆ ಅವಸರ ಇರಬಾರದು. ಕೆಳಗೆ ಬರೆದಿರುವ ಹೆಚ್ಚಿನ ಮಾತು ಈ ಎರಡಕ್ಕೇ ಸೇರಿದ್ದು.

ಯಾಕೆ ಬೇಕು, ಎಲ್ಲಿ ಬೇಡ

ಒಣ ಗಾಳಿಯಲ್ಲಿ ಶೇ. 20.9 ಆಕ್ಸಿಜನ್, ಸುಮಾರು ಶೇ. 78 ನೈಟ್ರೋಜನ್. ಡೈವ್ ಮಾಡುವಾಗ ಮೈಗೆ ಸೇರಿಕೊಂಡು ಆಮೇಲೆ ಕಾಡುವುದು ನೈಟ್ರೋಜನ್. ಆಕ್ಸಿಜನ್ ಜಾಸ್ತಿ ಮಾಡಿದರೆ ನೈಟ್ರೋಜನ್ ಅಷ್ಟೇ ಕಡಿಮೆಯಾಗುತ್ತದೆ. ಶೇ. 32ರ ಮಿಶ್ರಣ ಹಿಡಿದು 30 ಮೀಟರ್‌ನಲ್ಲಿದ್ದರೆ, ನೈಟ್ರೋಜನ್ ಲೆಕ್ಕದಲ್ಲಿ ನೀವು ಗಾಳಿ ಹಿಡಿದು 24.4 ಮೀಟರ್‌ನಲ್ಲಿ ಇದ್ದ ಹಾಗೆ. ಮೇಲೇರುವಾಗ ನೈಟ್ರೋಜನ್ ಬಿಡಲು ನಡುವೆ ನಿಲ್ಲದೆ ಬರಬೇಕಾದರೆ, ಡೈವಿಂಗ್ ಕಲಿಸುವ ಪ್ಯಾಡಿ ಸಂಸ್ಥೆಯ ಕೋಷ್ಟಕ ಗಾಳಿಗೆ 30 ಮೀಟರ್‌ನಲ್ಲಿ 20 ನಿಮಿಷ ಕೊಡುತ್ತದೆ, 25 ಮೀಟರ್‌ನಲ್ಲಿ 29 ನಿಮಿಷ. ಆ ಒಂಬತ್ತು ನಿಮಿಷಕ್ಕಾಗಿ ಇಷ್ಟೆಲ್ಲ ಕೆಲಸ.

ಇದು ಹೆಚ್ಚು ಆಳಕ್ಕೆ ಹೋಗುವ ಗ್ಯಾಸ್ ಅಲ್ಲ. ಎಷ್ಟೋ ಜನ ಹಾಗೆ ಅಂದುಕೊಂಡಿರುತ್ತಾರೆ. ನಿಜ ತಿರುಗಾಮುರುಗಾ. ಆಕ್ಸಿಜನ್ ಒತ್ತಡ ಮಿತಿ ಮೀರಿದರೆ ನೀರಿನೊಳಗೆ ಮೂರ್ಛೆ ಬರುತ್ತದೆ, ಮೈ ಸೆಟೆದು ನಡುಗುತ್ತದೆ, ಬಾಯಿಂದ ಉಸಿರಾಟದ ರೆಗ್ಯುಲೇಟರ್ ಜಾರುತ್ತದೆ. ಎಷ್ಟೋ ಸಲ ಮುನ್ಸೂಚನೆಯೇ ಇರುವುದಿಲ್ಲ. ಡೈವ್‌ನ ಕೆಲಸದ ಭಾಗಕ್ಕೆ ಎಲ್ಲರೂ ಇಟ್ಟುಕೊಳ್ಳುವ ಮಿತಿ 1.4 ಬಾರ್ (ಬಾರ್ ಅಂದರೆ ಒತ್ತಡದ ಅಳತೆ, ನಮ್ಮ ಸುತ್ತಲಿನ ಗಾಳಿಯ ಒತ್ತಡ ಸುಮಾರು 1 ಬಾರ್). ಅದನ್ನು ಆಕ್ಸಿಜನ್ ಪಾಲಿನಿಂದ ಭಾಗಿಸಿ, 1 ಕಳೆದು, 10ರಿಂದ ಗುಣಿಸಿದರೆ ಗರಿಷ್ಠ ಆಳ ಸಿಗುತ್ತದೆ. ಶೇ. 32ಕ್ಕೆ 33 ಮೀಟರ್. ಶೇ. 36ಕ್ಕೆ 28 ಮೀಟರ್. ದಶಾಂಶವನ್ನು ಯಾವಾಗಲೂ ಕೆಳಗೇ ಇಳಿಸಿ.

ಈ 32 ಮತ್ತು 36 ಎಂಬ ಎರಡು ಅಂಕಿ ಬಂದದ್ದು ಅಮೆರಿಕದ ಸಾಗರ ಮತ್ತು ಹವಾಮಾನ ಸಂಸ್ಥೆ ನೋವಾದಿಂದ. 1970ರ ದಶಕದಲ್ಲಿ ಅಲ್ಲಿನ ಮಾರ್ಗನ್ ವೆಲ್ಸ್ ವಿಜ್ಞಾನಿಗಳ ಡೈವ್‌ಗಳಿಗಾಗಿ ನೈಟ್ರಾಕ್ಸ್ ಬಳಸುವ ಕ್ರಮವನ್ನು ಗೊತ್ತು ಮಾಡಿದರು. ಹಿಂದೆ ನೋವಾದಲ್ಲೇ ಇದ್ದ ಡಿಕ್ ರುಟ್ಕೋವ್ಸ್ಕಿ 1985ರಲ್ಲಿ ಅದನ್ನು ಸಾಮಾನ್ಯ ಡೈವರ್‌ಗಳಿಗೆ ಕಲಿಸಲು ಒಂದು ಸಂಸ್ಥೆಯನ್ನೇ ಕಟ್ಟಿದರು.

ಮೊದಲು ಕಾನೂನು, ಕೋರ್ಸ್, ಜಾಗ

ಬೆಂಗಳೂರಿನಲ್ಲೋ ಕಾರವಾರದಲ್ಲೋ ಕೂತು ಓದುತ್ತಿದ್ದರೆ ಇದನ್ನು ತಿಳಿವಳಿಕೆಗೆ ಓದಿ, ಮನೆಯಲ್ಲಿ ಮಾಡಬೇಡಿ. ಭಾರತದಲ್ಲಿ 2016ರ ಗ್ಯಾಸ್ ಸಿಲಿಂಡರ್ ನಿಯಮಗಳಿವೆ. ಅವುಗಳ ಪ್ರಕಾರ ಸಿಲಿಂಡರ್‌ಗೆ ಒತ್ತಡದ ಗ್ಯಾಸ್ ತುಂಬಲು ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತೆ ನೋಡಿಕೊಳ್ಳುವ ನಾಗಪುರದ ಪೆಸೊ ಸಂಸ್ಥೆಯ ಲೈಸೆನ್ಸ್ ಬೇಕು. ಹಾಗೆ ನೋಡಿದರೆ ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಗೆ ಹೋಗುವವರ ಡೈವ್‌ಗಳು ಹೆಚ್ಚಾಗಿ 20 ಮೀಟರ್ ಒಳಗೇ ಮುಗಿಯುತ್ತವೆ. ಅಲ್ಲಿ ಗಾಳಿಯೇ ಸಾಕು. ಅಂಡಮಾನ್‌ಗೆ ಹೋದಾಗ ನೈಟ್ರಾಕ್ಸ್ ಬೇಕೆನಿಸಿದರೆ ಅದನ್ನು ಕೊಡುವ ಡೈವ್ ಸೆಂಟರ್ ಕೇಳಿ ನೋಡಿ. ಅಲ್ಲೂ ಟ್ಯಾಂಕನ್ನು ನೀವೇ ಅಳೆಯಬೇಕು. ಅಳೆಯುವ ಭಾಗವನ್ನು ಅದಕ್ಕಾಗಿಯಾದರೂ ಪೂರ್ತಿ ಓದಿ.

ಅಮೆರಿಕದಲ್ಲಿ ಮನೆಯಲ್ಲಿ ಬೆರೆಸುವವರು ತುಂಬಾ ಇದ್ದಾರೆ. ಆದರೂ ನಿಮ್ಮ ಊರಿನ ಅಗ್ನಿಶಾಮಕ ನಿಯಮ ಮತ್ತು ಮನೆಯ ವಿಮೆ ಪತ್ರ ಎರಡನ್ನೂ ಮೊದಲೇ ಓದಿಕೊಳ್ಳಿ. ನೈಟ್ರಾಕ್ಸ್ ಡೈವರ್ ಕೋರ್ಸ್ ಬೇರೆ, ಗ್ಯಾಸ್ ಬ್ಲೆಂಡರ್ ಕೋರ್ಸ್ ಬೇರೆ. ಎರಡೂ ಬೇಕು. ಡೈವಿಂಗ್ ಕಲಿಸುವ ಐಎಎನ್‌ಟಿಡಿ, ಟಿಡಿಐ ಸಂಸ್ಥೆಗಳ ಬ್ಲೆಂಡರ್ ಕೋರ್ಸ್‌ನಲ್ಲಿ ವಾಲ್ವ್ ಬಿಚ್ಚುವುದು, ತೊಳೆಯುವುದು, ತುಂಬುವುದು ಎಲ್ಲವನ್ನೂ ಒಬ್ಬರು ಪಕ್ಕದಲ್ಲಿ ನಿಂತು ಮಾಡಿಸುತ್ತಾರೆ. ಆ ಪಕ್ಕದಲ್ಲಿ ನಿಂತವರಿಗೆ ಯಾವ ಬರಹವೂ ಸಮ ಅಲ್ಲ.

ಜಾಗದ ವಿಷಯ. ಇಲ್ಲಿನ ಎಷ್ಟೋ ಮನೆಗಳಲ್ಲಿ ಗ್ಯಾಸ್ ಗೀಸರ್ ಗ್ಯಾರೇಜ್‌ನಲ್ಲೇ ಇರುತ್ತದೆ. ಅದರ ಕೆಳಗೆ ಸಣ್ಣ ಉರಿ ಸದಾ ಉರಿಯುತ್ತಿರಬಹುದು. ಪಕ್ಕದಲ್ಲಿ ಹುಲ್ಲು ಕತ್ತರಿಸುವ ಯಂತ್ರ, ಪೆಟ್ರೋಲ್ ಕ್ಯಾನ್. ಇವೆಲ್ಲ ಇರುವ ಗ್ಯಾರೇಜ್‌ನಲ್ಲಿ ಆಕ್ಸಿಜನ್ ಬಿಚ್ಚಲೇಬಾರದು. ನಾನು ಮನೆಗೆ ಅಂಟಿಕೊಳ್ಳದ, ಎರಡು ಕಡೆ ಬಾಗಿಲು ತೆರೆದಿಡಬಹುದಾದ ಶೆಡ್‌ನಲ್ಲಿ ಬೆರೆಸುತ್ತೇನೆ. ಸಿಲಿಂಡರ್‌ಗಳನ್ನು ಗೋಡೆಗೆ ಸರಪಳಿಯಲ್ಲಿ ಬಿಗಿದಿದ್ದೇನೆ. ಕೆಲಸ ಮುಗಿದ ಮೇಲೆ ಕನಿಷ್ಠ ಅರ್ಧ ಗಂಟೆ ಒಲೆ ಹತ್ತಿರ ಹೋಗುವುದಿಲ್ಲ. ಬಟ್ಟೆಯ ನೂಲಿನ ನಡುವೆ ಆಕ್ಸಿಜನ್ ಸಿಕ್ಕಿಕೊಂಡಿರುತ್ತದೆ. ಆಗ ಒಂದು ಕಿಡಿ ತಾಗಿದರೂ ಅಂಗಿ ಭಗ್ ಅಂತ ಹತ್ತಿಕೊಳ್ಳುತ್ತದೆ.

ಬೆಂಕಿ ಎಲ್ಲಿಂದ ಬರುತ್ತದೆ

ಸೈಕಲ್‌ಗೆ ಪಂಪ್ ಹೊಡೆದಾಗ ಪಂಪಿನ ತುದಿ ಬಿಸಿಯಾಗುತ್ತದೆ, ಅಲ್ವಾ? ಗಾಳಿಯನ್ನು ತಟಕ್ಕನೆ ಒತ್ತಿದರೆ ಅದು ಕಾಯುತ್ತದೆ. ಆಕ್ಸಿಜನ್ ಸಿಲಿಂಡರ್ ವಾಲ್ವ್ ಒಮ್ಮೆಲೇ ತೆರೆದರೂ ಇದೇ ಆಗುತ್ತದೆ. ಮೆದುಗೊಳವೆಯ ಮುಚ್ಚಿದ ತುದಿಗೆ ಗ್ಯಾಸ್ ಬಡಿದು, ಕ್ಷಣಮಾತ್ರದಲ್ಲಿ ನೂರಾರು ಡಿಗ್ರಿಗೆ ಏರುತ್ತದೆ. ಅಲ್ಲಿ ಒಂದು ಹನಿ ಎಣ್ಣೆ, ಸ್ವಲ್ಪ ಗ್ರೀಸ್, ಒಂದು ಎಳೆ ಬಟ್ಟೆ ಇದ್ದರೆ ಅದು ಹತ್ತಿಕೊಳ್ಳುತ್ತದೆ. ಅದರಿಂದ ರಬ್ಬರ್, ರಬ್ಬರ್‌ನಿಂದ ಲೋಹ. ಒತ್ತಡದ ಶುದ್ಧ ಆಕ್ಸಿಜನ್‌ನಲ್ಲಿ ಅಲ್ಯೂಮಿನಿಯಂ ಉರಿಯುತ್ತದೆ, ಉಕ್ಕೂ ಉರಿಯುತ್ತದೆ. ಟೈಟಾನಿಯಂ ಭಾಗಗಳನ್ನಂತೂ ಇದರ ಹತ್ತಿರ ತರಲೇಬಾರದು.

ಅದಕ್ಕೇ ಫಟ್ ಅಂತ ತೆರೆಯುವ ಬಾಲ್ ವಾಲ್ವ್ ಬಳಸಬೇಡಿ. ತಿರುಗಿಸುತ್ತಾ ನಿಧಾನಕ್ಕೆ ತೆರೆಯುವ ನೀಡಲ್ ವಾಲ್ವ್ ಬೇಕು. ವಾಲ್ವ್‌ನ ಬಾಯಿಗೆ ಎದುರಾಗಿ ನಿಲ್ಲಬೇಡಿ, ಪಕ್ಕಕ್ಕೆ ನಿಲ್ಲಿ. ಕೈ ತೊಳೆದು ಒರೆಸಿಕೊಂಡು, ಹೊಸ ನೈಟ್ರೈಲ್ ಗ್ಲೌಸ್ ಹಾಕಿಕೊಂಡು ಶುರು ಮಾಡಿ. ತಲೆಗೆ ಎಣ್ಣೆ ಹಚ್ಚಿಕೊಂಡ ದಿನ ಈ ಕೆಲಸಕ್ಕೆ ಕೈ ಹಾಕಬೇಡಿ. ಇದು ಸುಮ್ನೆ ಹೇಳುವ ಮಾತಲ್ಲ.

ಟ್ಯಾಂಕ್ ತೊಳೆಯುವುದು

ಶುದ್ಧ ಆಕ್ಸಿಜನ್ ನೇರವಾಗಿ ಟ್ಯಾಂಕ್‌ಗೆ ಹೋಗುವ ವಿಧಾನದಲ್ಲಿ ಟ್ಯಾಂಕ್ ಮತ್ತು ವಾಲ್ವ್ ಎರಡನ್ನೂ ಆಕ್ಸಿಜನ್‌ಗೆ ತಕ್ಕಂತೆ ಶುಚಿ ಮಾಡಿರಬೇಕು. ಮೊದಲು ಟ್ಯಾಂಕ್‌ನ ವಯಸ್ಸು ನೋಡಿ. 6351 ಎಂಬ ಮಿಶ್ರಲೋಹದ ಹಳೆಯ ಅಲ್ಯೂಮಿನಿಯಂ ಟ್ಯಾಂಕ್‌ಗಳಿಗೆ ಕುತ್ತಿಗೆ ಬಳಿ ಬಿರುಕು ಬಿಡುವ ರೋಗ ಇದೆ. ಅಂಥದ್ದನ್ನು ಆಕ್ಸಿಜನ್‌ಗೆ ಬಳಸಬೇಡಿ. ಈಗಿನವು 6061. ಅಮೆರಿಕದಲ್ಲಿ ಐದು ವರ್ಷಕ್ಕೊಮ್ಮೆ ನೀರಿನ ಒತ್ತಡದ ಪರೀಕ್ಷೆ, ವರ್ಷಕ್ಕೊಮ್ಮೆ ಒಳಭಾಗವನ್ನು ಕಣ್ಣಿನಿಂದ ನೋಡುವ ತಪಾಸಣೆ. ಅವೆರಡರ ತಾರೀಕು ಸರಿ ಇದ್ದರೆ ಮಾತ್ರ ಮುಂದೆ.

ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ ವಾಲ್ವ್ ಬಿಚ್ಚಿ. ಒಳಗೆ ಬಿಸಿನೀರು ಮತ್ತು ಆಕ್ಸಿಜನ್ ಉಪಕರಣಕ್ಕೆಂದೇ ಮಾಡಿದ ಸೋಪು ಹಾಕಿ. ಬ್ಲೂ ಗೋಲ್ಡ್ ಎಂಬುದು ಇಲ್ಲಿ ಸುಲಭವಾಗಿ ಸಿಗುತ್ತದೆ. ಪಾತ್ರೆ ತೊಳೆಯುವ ಸೋಪಿನಲ್ಲಿ ಸುವಾಸನೆಯ ಎಣ್ಣೆ ಇರುತ್ತದೆ, ಅದು ಬೇಡ. ಟ್ಯಾಂಕನ್ನು ಹೊರಳಿಸಿ, ನೆನೆಸಿ, ಚೆಲ್ಲಿ, ಬಿಸಿನೀರಿನಲ್ಲಿ ನಾಲ್ಕೈದು ಸಲ ಜಾಲಿಸಿ. ಕೊನೆಯ ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಜೋರಾಗಿ ಕುಲುಕಿ. ನೊರೆ ನಿಂತರೆ ಸೋಪು ಇನ್ನೂ ಇದೆ. ಆಮೇಲೆ ಎಣ್ಣೆಯಿಲ್ಲದ ಶುದ್ಧ, ಒಣ ಗಾಳಿ ಊದಿ ಒಣಗಿಸಿ. ಉಕ್ಕಿನ ಟ್ಯಾಂಕ್ ಆದರೆ ಒಣಗಿಸುವುದಕ್ಕೆ ತಡ ಮಾಡಬೇಡಿ. ಕಣ್ಣೆದುರೇ ತುಕ್ಕು ಹಿಡಿಯುತ್ತದೆ.

ವಾಲ್ವ್ ಭಾಗಗಳಿಗೆ ಒಂದು ಒಳ್ಳೆಯ ಪರೀಕ್ಷೆ ಇದೆ. ತೊಳೆದ ಲೋಹದ ಮೇಲೆ ಶುದ್ಧ ನೀರು ಹಾಕಿ ನೋಡಿ. ನೀರು ತೆಳು ಪದರವಾಗಿ ಹರಡಿ ನಿಂತರೆ ಶುಚಿಯಾಗಿದೆ. ಕೆಸುವಿನ ಎಲೆಯ ಮೇಲೆ ನಿಂತ ಹಾಗೆ ಹನಿ ಹನಿಯಾಗಿ ಉರುಳಿದರೆ ಪಸೆ ಉಳಿದಿದೆ, ಮತ್ತೆ ತೊಳೆಯಿರಿ. ಅಲ್ಟ್ರಾವಯಲೆಟ್ ಬೆಳಕಿನ ಟಾರ್ಚ್ ಹಿಡಿದರೆ ಕೆಲವು ಎಣ್ಣೆಗಳು ಹೊಳೆಯುತ್ತವೆ. ಎಲ್ಲವೂ ಹೊಳೆಯುವುದಿಲ್ಲ. ಹೊಳೆಯಲಿಲ್ಲ ಎಂದ ಮಾತ್ರಕ್ಕೆ ಶುಚಿ ಅಂದುಕೊಳ್ಳಬೇಡಿ. ಒ-ರಿಂಗ್‌ಗಳನ್ನು ವೈಟಾನ್ ಅಥವಾ ಇಪಿಡಿಎಂ ಜಾತಿಯ ರಬ್ಬರ್‌ನವಕ್ಕೆ ಬದಲಿಸಿ. ಸಿಲಿಕೋನ್ ಗ್ರೀಸ್ ಬಿಟ್ಟುಬಿಡಿ. ಆಕ್ಸಿಜನ್‌ಗೆ ಹೊಂದುವ ಗ್ರೀಸ್‌ಗಳಾದ ಕ್ರಿಸ್ಟೋಲ್ಯೂಬ್ ಅಥವಾ ಕ್ರೈಟಾಕ್ಸ್ ಸವರಿ, ಅದೂ ತೆಳುವಾಗಿ. ಇಷ್ಟು ಮಾಡಿದ ಟ್ಯಾಂಕನ್ನು ಯಾವುದೋ ಬಾಡಿಗೆ ದೋಣಿಯ ಕಂಪ್ರೆಸರ್‌ನಲ್ಲಿ ಒಂದೇ ಒಂದು ಸಲ ತುಂಬಿಸಿಕೊಂಡರೂ ಅದು ಮತ್ತೆ ಸಾಧಾರಣ ಟ್ಯಾಂಕ್. ತೊಳೆದು ಮೊದಲಿಂದ ಶುರು.

ಮೊದಲ ವಿಧಾನ: ಆಕ್ಸಿಜನ್ ಮುಂದೆ, ಗಾಳಿ ಹಿಂದೆ

ಪಾರ್ಷಿಯಲ್ ಪ್ರೆಶರ್ ವಿಧಾನ ಅಂದರೆ ಇದು. ಖಾಲಿ ಟ್ಯಾಂಕ್‌ಗೆ ಲೆಕ್ಕ ಹಾಕಿದಷ್ಟು ಶುದ್ಧ ಆಕ್ಸಿಜನ್, ಅದರ ಮೇಲೆ ಗಾಳಿ.

ಲೆಕ್ಕ ಹೀಗೆ. ಬೇಕಾದ ಪಾಲಿನಿಂದ 0.209 ಕಳೆಯಿರಿ, 0.791ರಿಂದ ಭಾಗಿಸಿ, ಕೊನೆಯ ಒತ್ತಡದಿಂದ ಗುಣಿಸಿ. 200 ಬಾರ್‌ಗೆ ಶೇ. 32 ಬೇಕಾದರೆ 28 ಬಾರ್ ಆಕ್ಸಿಜನ್. ಶೇ. 36ಕ್ಕೆ 38 ಬಾರ್. ಇಲ್ಲಿ ಎಲ್ಲರೂ ಒತ್ತಡವನ್ನು ಪಿಎಸ್‌ಐ ಎಂಬ ಅಳತೆಯಲ್ಲಿ ಹೇಳುತ್ತಾರೆ. ಅಂಕಿ ಚಿಕ್ಕದಿದ್ದರೆ ತಪ್ಪು ಕಡಿಮೆ ಅಂತ ನಾನು ಬಾರ್‌ನಲ್ಲೇ ಉಳಿದಿದ್ದೇನೆ.

ಟ್ಯಾಂಕ್‌ನಲ್ಲಿ ಹಳೆ ಗ್ಯಾಸ್ ಉಳಿದಿದ್ದರೆ? 60 ಬಾರ್ ಇದೆ, ಅಳೆದರೆ ಶೇ. 31 ಅಂದುಕೊಳ್ಳಿ. 200 ಬಾರ್‌ಗೆ ಶೇ. 32 ಅಂದರೆ ಒಟ್ಟು 64 ಬಾರ್ ಆಕ್ಸಿಜನ್ ಇರಬೇಕು. ಈಗ ಇರುವುದು 18.6. ಕೊರತೆ 45.4. ಇನ್ನು ಸೇರುವ 140 ಬಾರ್ ಪೂರ್ತಿ ಗಾಳಿಯೇ ಆಗಿದ್ದರೆ 29.3 ಸಿಗುತ್ತಿತ್ತು. ಉಳಿದ 16.1ನ್ನು 0.791ರಿಂದ ಭಾಗಿಸಿದರೆ 20.4. ಅಂದರೆ ಆಕ್ಸಿಜನ್‌ನಿಂದ 80.4 ಬಾರ್ ವರೆಗೆ ಏರಿಸಿ, ಅಲ್ಲಿಂದ ಗಾಳಿ. ಇಲ್ಲೊಂದು ತೊಡಕಿದೆ. ಆಕ್ಸಿಜನ್ ಸಿಲಿಂಡರ್‌ನಲ್ಲಿ 80 ಬಾರ್‌ಗಿಂತ ಜಾಸ್ತಿ ಇದ್ದರೆ ಮಾತ್ರ ಅದು ಹರಿಯುತ್ತದೆ. ಹಾಗಾಗಿ ಖಾಲಿ ಟ್ಯಾಂಕ್‌ಗೆ ತುಂಬುವುದೇ ಲಾಭ. ಎರಡು ಆಕ್ಸಿಜನ್ ಸಿಲಿಂಡರ್ ಇಟ್ಟುಕೊಂಡು, ಮೊದಲು ಕಡಿಮೆ ಒತ್ತಡದ್ದು, ಆಮೇಲೆ ತುಂಬಿದ್ದು ಬಳಸಿದರೆ ವ್ಯರ್ಥ ಇನ್ನೂ ಕಡಿಮೆ.

ಆಕ್ಸಿಜನ್ ಎಲ್ಲಿಂದ? ಅಮೆರಿಕದಲ್ಲಿ ಮೆಡಿಕಲ್ ಆಕ್ಸಿಜನ್ ಔಷಧಿಯ ಲೆಕ್ಕ, ವೈದ್ಯರ ಚೀಟಿ ಬೇಕು. ವಿಮಾನದವರು ಉಸಿರಾಡುವ ದರ್ಜೆಯ ಆಕ್ಸಿಜನ್ ಕೂಡ ಸಿಗುತ್ತದೆ. ನಾನು ಅದನ್ನೇ ತರುವುದು. ವೆಲ್ಡಿಂಗ್ ಸಿಲಿಂಡರ್‌ಗೆ ಹಿಂದೆ ಏನು ಹೊಕ್ಕಿತ್ತು ಅಂತ ಯಾರೂ ಹೇಳಲಾರರು. ಅದು ನನಗೆ ಬೇಡ.

ತುಂಬುವ ಕ್ರಮ:

1. ಟ್ಯಾಂಕ್, ಮೆದುಗೊಳವೆ, ಸಿಲಿಂಡರ್ ಜೋಡಿಸಿ. ಗೇಜ್ ಡಿಜಿಟಲ್ ಇರಲಿ. 2 ಬಾರ್ ತಪ್ಪಾದರೆ ಮಿಶ್ರಣದಲ್ಲಿ ಶೇ. 0.8 ತಪ್ಪುತ್ತದೆ.
2. ಟ್ಯಾಂಕ್ ವಾಲ್ವ್ ಮೊದಲು ಪೂರ್ತಿ ತೆರೆದಿಡಿ. ನೀಡಲ್ ವಾಲ್ವ್ ಮುಚ್ಚಿರಲಿ. ಆಮೇಲೆ ಆಕ್ಸಿಜನ್ ಸಿಲಿಂಡರ್ ವಾಲ್ವನ್ನು ತೀರಾ ನಿಧಾನಕ್ಕೆ ತೆರೆಯಿರಿ.
3. ನೀಡಲ್ ವಾಲ್ವ್‌ನಿಂದ ನಿಮಿಷಕ್ಕೆ 5 ಬಾರ್ ಮೀರದಂತೆ ಬಿಡಿ. 28 ಬಾರ್‌ಗೆ ಆರು ನಿಮಿಷ. ಗಡಿಯಾರ ನೋಡಿಕೊಂಡೇ ಮಾಡಿ. ಕಾಯುವಾಗ ಆರು ನಿಮಿಷ ಬಹಳ ಉದ್ದ ಅನಿಸುತ್ತದೆ. ಅಲ್ಲಿಂದ ಕದಲಬೇಡಿ.
4. ನಿಲ್ಲಿಸಿ, ಟ್ಯಾಂಕ್ ತಣ್ಣಗಾಗಲು ಬಿಡಿ. ಗೇಜ್ ಇಳಿದಿದ್ದರೆ ಮತ್ತೆ 28ಕ್ಕೆ ತನ್ನಿ.
5. ಸಿಲಿಂಡರ್ ಮುಚ್ಚಿ, ಕೊಳವೆಯ ಒತ್ತಡ ಬಿಡಿ, ಬಿಚ್ಚಿ. ಟ್ಯಾಂಕ್‌ಗೆ ಚೀಟಿ ಅಂಟಿಸಿ: ಆಕ್ಸಿಜನ್ 28 ಬಾರ್, ಉಸಿರಾಡಬೇಡಿ.
6. ಗಾಳಿಯನ್ನೂ ನಿಧಾನವಾಗಿಯೇ ಸೇರಿಸಿ.

ಈ ಆರನೇ ಹೆಜ್ಜೆಯಲ್ಲೇ ಜನ ಎಡವುತ್ತಾರೆ. ಅಮೆರಿಕದಲ್ಲಿ ಸಾಧಾರಣ ಸ್ಕೂಬಾ ಗಾಳಿಯ ದರ್ಜೆಯಲ್ಲಿ ಘನ ಮೀಟರ್‌ಗೆ 5 ಮಿಲಿಗ್ರಾಂ ವರೆಗೆ ಎಣ್ಣೆಯ ಮಂಜು ಇರಬಹುದು. ಶುದ್ಧ ಆಕ್ಸಿಜನ್ ಜೊತೆ ಸೇರುವ ಗಾಳಿಗೆ ಮಿತಿ 0.1 ಮಿಲಿಗ್ರಾಂ. ಐವತ್ತು ಪಟ್ಟು ಅಂತರ. ಕಂಪ್ರೆಸರ್ ಆದ ಮೇಲೆ ಇನ್ನೊಂದು ದೊಡ್ಡ ಫಿಲ್ಟರ್ ಇಲ್ಲದೆ, ಗಾಳಿಯನ್ನು ಲ್ಯಾಬ್‌ಗೆ ಕಳಿಸಿ ಪರೀಕ್ಷೆ ಮಾಡಿಸದೆ ಈ ವಿಧಾನಕ್ಕೆ ಕೈ ಹಾಕಬಾರದು. ಮನೆಯಲ್ಲಿ ಆಕ್ಸಿಜನ್ ಹಾಕಿಕೊಂಡು, ಅಂಗಡಿಯಲ್ಲಿ ಹೇಳದೆ ಕೇಳದೆ ಗಾಳಿ ತುಂಬಿಸಿಕೊಳ್ಳುವವರನ್ನು ನೋಡಿದ್ದೇನೆ. ಅದು ತಮಗೂ ಅಪಾಯ. ಏನೂ ಗೊತ್ತಿಲ್ಲದೆ ಪಕ್ಕದಲ್ಲಿ ನಿಂತ ಅಂಗಡಿ ಹುಡುಗನಿಗೂ ಅಪಾಯ. ದಯವಿಟ್ಟು ಮಾಡಬೇಡಿ.

ಬಿಸಿ ಟ್ಯಾಂಕ್‌ನ ಗೇಜನ್ನೂ ನಂಬಬೇಡಿ. 200 ಅಂತ ನಿಲ್ಲಿಸಿದ್ದು ತಣ್ಣಗಾದ ಮೇಲೆ 185ಕ್ಕೆ ಇಳಿದರೆ, ಗಾಳಿ ಕಡಿಮೆ ಸೇರಿದೆ ಅಂತ ಅರ್ಥ. ಮಿಶ್ರಣ ಶೇ. 33 ಆಗಿರುತ್ತದೆ. ತಣ್ಣಗಾದ ಮೇಲೆ 200ಕ್ಕೆ ಏರಿಸಿ. ಅದಕ್ಕಿಂತ ಜಾಸ್ತಿ ತಪ್ಪಿ, ಅಳೆದಾಗ 34.5 ಬಂತು ಅಂದರೆ, 163 ಬಾರ್ ವರೆಗೆ ಹೊರಗೆ ಬಿಟ್ಟು ಗಾಳಿಯಿಂದ ಮತ್ತೆ 200 ಮಾಡಿ. ಶೇ. 32 ಸಿಗುತ್ತದೆ.

ಎರಡನೇ ವಿಧಾನ: ಸ್ಟಿಕ್

ಮನೆಯಲ್ಲಿ ಸ್ವಂತ ಕಂಪ್ರೆಸರ್ ಇರುವವರಿಗೆ ನಾನು ಹೇಳುವುದು ಇದನ್ನೇ. ಆಕ್ಸಿಜನ್ ಇಲ್ಲಿ ಹೆಚ್ಚಿನ ಒತ್ತಡದಲ್ಲಿ ಶುದ್ಧವಾಗಿ ಎಲ್ಲಿಗೂ ಹೋಗುವುದಿಲ್ಲ. ಕಂಪ್ರೆಸರ್ ಗಾಳಿ ಎಳೆದುಕೊಳ್ಳುವ ಬಾಯಿಗೆ ಒಂದು ಪೈಪ್ ಜೋಡಿಸಿ, ಅದರೊಳಗೆ ಸಾಧಾರಣ ಒತ್ತಡದಲ್ಲೇ ಆಕ್ಸಿಜನ್ ಬಿಡುತ್ತೇವೆ. ಆ ಪೈಪ್‌ಗೇ ಸ್ಟಿಕ್ ಅನ್ನುವುದು. ಮಿಶ್ರಣ ಕಂಪ್ರೆಸರ್‌ಗೆ ಹೋಗುವ ಮುಂಚೆಯೇ ತಯಾರು. ಟ್ಯಾಂಕ್ ಶೇ. 40ಕ್ಕಿಂತ ಕಡಿಮೆಯ ಗ್ಯಾಸನ್ನು ಮಾತ್ರ ನೋಡುತ್ತದೆ. ಅಮೆರಿಕದ ಹೆಚ್ಚಿನ ಡೈವ್ ಸಂಸ್ಥೆಗಳು ಶೇ. 40ರವರೆಗೆ ಸಾಧಾರಣ ಉಪಕರಣ ನಡೆಯುತ್ತದೆ ಅನ್ನುತ್ತವೆ. ಯುರೋಪಿನಲ್ಲಿ ಹಾಗಿಲ್ಲ. ಅಲ್ಲಿ ನೈಟ್ರಾಕ್ಸ್ ಟ್ಯಾಂಕ್‌ನ ವಾಲ್ವ್‌ನ ತಿರುಪೇ (ಥ್ರೆಡ್) ಬೇರೆ ಅಳತೆಯದು.

ಒಂದು ಮಾತು ಮೊದಲೇ. ಕಂಪ್ರೆಸರ್ ಒಳಗೆ ಎಣ್ಣೆ ಇದೆ, ಒತ್ತಡ ಇದೆ, ಶಾಖ ಇದೆ. ಅಲ್ಲಿಗೆ ಆಕ್ಸಿಜನ್ ಜಾಸ್ತಿ ಕಳಿಸುತ್ತಿದ್ದೇವೆ. ತಯಾರಕರು ನಿಮ್ಮ ಮಾಡೆಲ್‌ಗೆ ನೈಟ್ರಾಕ್ಸ್ ಒಪ್ಪಿದ್ದಾರಾ, ಎಷ್ಟರವರೆಗೆ, ಯಾವ ಎಣ್ಣೆಯಲ್ಲಿ ಅಂತ ಅವರ ಕೈಪಿಡಿಯಲ್ಲೇ ನೋಡಿ. ಇಲ್ಲ ಅಂದಿದ್ದರೆ ಇಲ್ಲ. ಒಪ್ಪಿದ್ದರೂ ಹಳೆಯ ಮಿನರಲ್ ಎಣ್ಣೆ ತೆಗೆದು ಅವರು ಹೇಳಿದ ಸಿಂಥೆಟಿಕ್ ಎಣ್ಣೆಯನ್ನೇ ಹಾಕಿ. ನನ್ನ ಮಿತಿ ಶೇ. 36. ಆ ಗೆರೆ ದಾಟುವುದಿಲ್ಲ.

ಸ್ಟಿಕ್ ಮಾಡುವುದು ಸುಲಭ. ಮೂರು ಇಂಚು ದಪ್ಪ, ಸುಮಾರು ಒಂದು ಮೀಟರ್ ಉದ್ದದ ಶುಚಿಯಾದ ಪಿವಿಸಿ ಪೈಪ್. ಒಂದು ತುದಿಯಲ್ಲಿ ಗಾಳಿ ಫಿಲ್ಟರ್. ಅದರ ಹತ್ತಿರವೇ ಆಕ್ಸಿಜನ್ ಬರುವ ಸಣ್ಣ ನಳಿಕೆ. ನಡುವೆ ತೂತು ತೂತಾದ ತಟ್ಟೆಗಳು. ಗ್ಯಾಸ್ ಅವುಗಳ ನಡುವೆ ಸುತ್ತಿ ಸುಳಿದು ಚೆನ್ನಾಗಿ ಬೆರೆಯಬೇಕು. ತೂತಿರುವ ಪ್ಲಾಸ್ಟಿಕ್ ಚೆಂಡುಗಳನ್ನು ತುಂಬುವವರೂ ಇದ್ದಾರೆ, ಅದೂ ನಡೆಯುತ್ತದೆ. ಇನ್ನೊಂದು ತುದಿಯಲ್ಲಿ ಆಕ್ಸಿಜನ್ ಸೆನ್ಸರ್, ಅಲ್ಲಿಂದ ಕಂಪ್ರೆಸರ್. ಗಾಳಿ ಎಳೆಯುವ ಬಾಯಿ ಇಂಜಿನ್ ಹೊಗೆ, ಕಾರಿನ ಹೊಗೆ ಬರುವ ಕಡೆ ಇರಬಾರದು. ಹೊಗೆಯ ಕಾರ್ಬನ್ ಮಾನಾಕ್ಸೈಡ್ ಟ್ಯಾಂಕ್‌ಗೆ ಸೇರಿದರೆ ನೀರಿನೊಳಗೆ ಪ್ರಾಣ ಹೋಗುತ್ತದೆ.

ಎಷ್ಟು ಆಕ್ಸಿಜನ್ ಬಿಡಬೇಕು? ಅದೇ ಸೂತ್ರ. ಒತ್ತಡದ ಬದಲು ಕಂಪ್ರೆಸರ್ ನಿಮಿಷಕ್ಕೆ ಎಳೆಯುವ ಲೀಟರ್ ಹಾಕಿ. ಮನೆಗೆ ತರುವ ಸಣ್ಣ ಕಂಪ್ರೆಸರ್‌ಗಳು ಸುಮಾರು 100 ಲೀಟರ್ ಎಳೆಯುತ್ತವೆ. ಶೇ. 32ಕ್ಕೆ ನಿಮಿಷಕ್ಕೆ 14 ಲೀಟರ್, ಶೇ. 36ಕ್ಕೆ 19. 12 ಲೀಟರ್ ಟ್ಯಾಂಕನ್ನು 200 ಬಾರ್‌ಗೆ ತುಂಬಲು 24 ನಿಮಿಷ, ಅದಕ್ಕೆ 336 ಲೀಟರ್ ಆಕ್ಸಿಜನ್. ಭಾರತದಲ್ಲಿ ಡಿ ಟೈಪ್ ಅನ್ನುವ 7 ಘನ ಮೀಟರ್ ಸಿಲಿಂಡರ್ ಲೆಕ್ಕದಲ್ಲಿ ಅದು ಇಪ್ಪತ್ತು ಟ್ಯಾಂಕ್. ಮೊದಲ ವಿಧಾನದಲ್ಲಿ ಸಿಲಿಂಡರ್‌ನಲ್ಲಿ ಬಹಳಷ್ಟು ಉಳಿದುಹೋಗುತ್ತದೆ. ಇಲ್ಲಿ ತಳದವರೆಗೆ ಬಳಸಬಹುದು.

ಶುರು ಮಾಡುವಾಗ ಕಂಪ್ರೆಸರ್ ಮೊದಲು, ಆಕ್ಸಿಜನ್ ಆಮೇಲೆ. ಮುಗಿಸುವಾಗ ಆಕ್ಸಿಜನ್ ಮೊದಲು ಮುಚ್ಚಿ, ಸೆನ್ಸರ್ ಗಾಳಿಯ ಅಂಕಿಗೆ ಇಳಿದ ಮೇಲೆ ಕಂಪ್ರೆಸರ್ ನಿಲ್ಲಿಸಿ. ಈ ಕ್ರಮ ಯಾಕೆ ಅಂತ ನನಗೆ ಒಂದು ಮಧ್ಯಾಹ್ನ ಚೆನ್ನಾಗಿ ಅರ್ಥವಾಯಿತು. ಮನೆಯ ಕರೆಂಟ್ ಟ್ರಿಪ್ ಆಗಿ ಕಂಪ್ರೆಸರ್ ನಿಂತಿತು. ನಾನು ಮೇನ್ ಬೋರ್ಡ್ ನೋಡಲು ಒಳಗೆ ಓಡಿದೆ. ವಾಪಸ್ ಬಂದಾಗ ಸೆನ್ಸರ್ 70 ದಾಟಿತ್ತು. ಸಿಲಿಂಡರ್‌ನಿಂದ ತನ್ನ ಪಾಡಿಗೆ ಆಕ್ಸಿಜನ್ ಬರುತ್ತಲೇ ಇತ್ತು, ಪೈಪ್ ತುಂಬಾ ಅದೇ. ನಾನು ಇಲ್ಲದಾಗಲೇ ಕರೆಂಟ್ ಬಂದು ಕಂಪ್ರೆಸರ್ ಹೊರಟಿದ್ದರೆ ಅಷ್ಟನ್ನೂ ಬಿಸಿ ಎಣ್ಣೆಯ ಮೇಲೆ ಎಳೆದುಕೊಳ್ಳುತ್ತಿತ್ತು. ಈಗ ಕಂಪ್ರೆಸರ್‌ನ ಅದೇ ಸ್ವಿಚ್‌ಗೆ, ಕರೆಂಟ್‌ನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್ ಸೇರಿಸಿದ್ದೇನೆ. ಮೋಟಾರ್ ನಿಂತರೆ ಆಕ್ಸಿಜನ್ ನಿಲ್ಲುತ್ತದೆ. ಕರೆಂಟ್ ಬಂದರೂ ನಾನು ಗುಂಡಿ ಒತ್ತದೆ ಯಾವುದೂ ಶುರುವಾಗುವುದಿಲ್ಲ. ನೀವು ಮೊದಲ ದಿನವೇ ಹಾಕಿಕೊಳ್ಳಿ.

ಸ್ಟಿಕ್‌ನ ಸೆನ್ಸರ್ ಎರಡು ಕಡೆ ಮೋಸ ಮಾಡುತ್ತದೆ. ಅದು ಅಳೆಯುವುದು ಶೇಕಡಾವನ್ನಲ್ಲ, ಆಕ್ಸಿಜನ್‌ನ ಒತ್ತಡವನ್ನು. ಗಾಳಿ ಫಿಲ್ಟರ್ ಧೂಳು ಹಿಡಿದಿದ್ದರೆ ಪೈಪ್ ಒಳಗೆ ಒತ್ತಡ ಸ್ವಲ್ಪ ಇಳಿಯುತ್ತದೆ, ಸೆನ್ಸರ್ ಕಡಿಮೆ ತೋರಿಸುತ್ತದೆ, ನೀವು ಇನ್ನಷ್ಟು ಆಕ್ಸಿಜನ್ ಬಿಡುತ್ತೀರಿ. ಎರಡನೆಯದು ಸೆಖೆ. ಇಲ್ಲಿನ ಬೇಸಿಗೆ ನಮ್ಮ ಮಂಗಳೂರಿನ ಹಾಗೆಯೇ, ಮೈಗೆ ಅಂಟುವ ಗಾಳಿ. 30 ಡಿಗ್ರಿ, ಶೇ. 80 ತೇವ ಇದ್ದಾಗ ನೀರಿನ ಆವಿಯೇ ಗಾಳಿಯಲ್ಲಿ ಶೇ. 3.4 ಜಾಗ ಹಿಡಿಯುತ್ತದೆ. ಆಕ್ಸಿಜನ್ 20.9 ಅಲ್ಲ, 20.2. ಕಂಪ್ರೆಸರ್‌ನ ಫಿಲ್ಟರ್ ಆ ನೀರನ್ನು ತೆಗೆದುಹಾಕುತ್ತದೆ. ಸ್ಟಿಕ್‌ನಲ್ಲಿ 32 ತೋರಿಸಿದ್ದು ಟ್ಯಾಂಕ್‌ನಲ್ಲಿ 33ರ ಹತ್ತಿರ ಆಗಿರುತ್ತದೆ. ಅದಕ್ಕೆ ಅಂಥ ದಿನಗಳಲ್ಲಿ ನಾನು ಸ್ಟಿಕ್ ಅನ್ನು 31ಕ್ಕೆ ನಿಲ್ಲಿಸುತ್ತೇನೆ. ಸೆನ್ಸರ್ ಅನ್ನು ಶೆಡ್‌ನ ಗಾಳಿಗೆ ಹೊಂದಿಸುವ ಬದಲು ಟ್ಯಾಂಕ್‌ನಲ್ಲಿರುವ ಒಣ ಗಾಳಿಗೆ 20.9 ಅಂತ ಹೊಂದಿಸುತ್ತೇನೆ.

ಮೆಂಬ್ರೇನ್ ಅಂತ ಮೂರನೇ ವಿಧಾನವೂ ಇದೆ. ಬಿಸಿ ಗಾಳಿಯಿಂದ ನೈಟ್ರೋಜನ್ ಸೋಸಿ ತೆಗೆಯುವ ಯಂತ್ರ ಅದು. ಆಕ್ಸಿಜನ್ ಸಿಲಿಂಡರೇ ಬೇಡ. ಬೆಲೆ ಮತ್ತು ಗಾತ್ರ ನೋಡಿದರೆ ಅದು ಡೈವ್ ಸೆಂಟರ್‌ಗೆ ಸರಿ, ಮನೆಗಲ್ಲ.

ಅಳೆಯುವುದು

ಆಕ್ಸಿಜನ್ ಅನಲೈಸರ್ ಒಳಗಿನ ಸೆಲ್ ಒಂದು ಸಣ್ಣ ಬ್ಯಾಟರಿ. ಹೊಸದಾಗಿದ್ದಾಗ ಗಾಳಿಯಲ್ಲಿ ಸಾಮಾನ್ಯವಾಗಿ 9ರಿಂದ 13 ಮಿಲಿವೋಲ್ಟ್ ಕೊಡುತ್ತದೆ. ಎರಡು ಮೂರು ವರ್ಷಕ್ಕೆ ಸೊರಗುತ್ತದೆ. ಸೊರಗಿದ್ದು ಗಾಳಿಯಲ್ಲಿ ಗೊತ್ತಾಗುವುದಿಲ್ಲ, 20.9 ಅಂತ ಸರಿಯಾಗೇ ತೋರಿಸುತ್ತದೆ. ಮೇಲಿನ ಅಂಕಿಗಳಲ್ಲಿ ಕಡಿಮೆ ಹೇಳುತ್ತದೆ. ಅದೇ ಅಪಾಯ. ತಿಂಗಳಿಗೊಮ್ಮೆ ಶುದ್ಧ ಆಕ್ಸಿಜನ್ ಹಿಡಿದು ನೋಡಿ. 100ರ ಬದಲು 93 ಅಂದರೆ ಸೆಲ್ ಬದಲಿಸಿ. ಸೆಲ್ ಕೊಂಡ ತಾರೀಕನ್ನು ಅದರ ಮೇಲೇ ಬರೆದಿಡಿ.

ಅಳೆಯುವಾಗ ಒಣ ಗಾಳಿಗೆ ಹೊಂದಿಸಿ. ಟ್ಯಾಂಕ್‌ನಿಂದ ನಿಮಿಷಕ್ಕೆ ಒಂದೆರಡು ಲೀಟರ್ ಹರಿವಿನಲ್ಲಿ ಗ್ಯಾಸ್ ಬಿಡಿ. ಜೋರಾಗಿ ಬಿಟ್ಟರೆ ಸೆಲ್ ಮೇಲೆ ಒತ್ತಡ ಬಿದ್ದು ಅಂಕಿ ಏರುತ್ತದೆ. ಹೊಂದಿಸುವಾಗ ಎಷ್ಟು ಹರಿವು ಇತ್ತೋ ಅಳೆಯುವಾಗಲೂ ಅಷ್ಟೇ ಇರಲಿ. ಅಂಕಿ ಅಲುಗಾಡುವುದು ನಿಲ್ಲುವವರೆಗೆ ಕಾಯಿರಿ. ನಾನು ತುಂಬಿದ ರಾತ್ರಿ ಒಂದು ಸಲ, ಬೆಳಗ್ಗೆ ತಣ್ಣಗಾದ ಮೇಲೆ ಇನ್ನೊಂದು ಅನಲೈಸರ್‌ನಲ್ಲಿ ಮತ್ತೊಂದು ಸಲ ಅಳೆಯುತ್ತೇನೆ. ಎರಡರ ನಡುವೆ ಶೇ. 1ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ, ಯಾಕೆ ಅಂತ ಗೊತ್ತಾಗುವವರೆಗೆ ಆ ಟ್ಯಾಂಕ್ ಮನೆಯಲ್ಲೇ.

ಟ್ಯಾಂಕ್‌ನ ಕುತ್ತಿಗೆಗೆ ಟೇಪ್ ಸುತ್ತಿ ನಾಲ್ಕು ವಿಷಯ ಬರೆಯಿರಿ: ಅಳೆದ ಶೇಕಡಾ, ಗರಿಷ್ಠ ಆಳ, ತಾರೀಕು, ಅಳೆದವರ ಹೆಸರಿನ ಅಕ್ಷರ. ಬರೆಯಬೇಕಾದ್ದು ಅಳೆದ ಅಂಕಿ, ಬೇಕಾಗಿದ್ದ ಅಂಕಿಯಲ್ಲ. 32 ಮಾಡಲು ಹೋಗಿ 34 ಬಂದಿದ್ದರೆ ಅದು 34, ಆಳ 31 ಮೀಟರ್. ಡೈವ್ ಕಂಪ್ಯೂಟರ್‌ಗೂ ಅದನ್ನೇ ಹಾಕಿ.

ನಮ್ಮಲ್ಲಿ ಇನ್ನೊಂದು ಅಭ್ಯಾಸ ಇದೆ. ನಾನು ಬೆರೆಸಿದ ಟ್ಯಾಂಕನ್ನು ನನ್ನ ಜೊತೆಗಾರ ನನ್ನ ಟೇಪ್ ನೋಡದೆ ಅಳೆಯುತ್ತಾನೆ. ಕಾರಿನ ಡಿಕ್ಕಿ ತೆರೆದು, ನದಿ ದಡದ ಮರದ ಬೆಂಚಿನ ಮೇಲೆ ಟ್ಯಾಂಕ್ ಮಲಗಿಸಿ, ಅಂಕಿ ನಿಂತ ಮೇಲೆ ಜೋರಾಗಿ ಓದುತ್ತಾನೆ. ನಾನು ಟೇಪ್ ತಿರುಗಿಸಿ ತೋರಿಸುತ್ತೇನೆ. ಎರಡೂ ಒಂದೇ ಆಗಿದ್ದರೆ ಅವನೂ ತನ್ನ ಅಕ್ಷರ ಬರೆಯುತ್ತಾನೆ. ಆಮೇಲೆ ವೆಟ್‌ಸೂಟ್ ಹಾಕಿಕೊಳ್ಳುತ್ತೇವೆ.